ಚಿಕ್ಕಪ್ಪನ ಬುಲೆಟ್ಟು, ಚಿಕ್ಕಮ್ಮನ ಕೈ

ಕನ್ನಡ ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಗೆಳೆಯರು ಮೂರು ಸಲ ಹೇಳಿಕಳಿಸಿದರು. ನನಗೆ ಕವಿತೆ ಬರುವುದಿಲ್ಲ. ಒಂದು ಸಲ ಪ್ರಯತ್ನಪಟ್ಟು ಚಂದಿರನಿಗೂ ಮಂದಿರಕ್ಕೂ ನಡುವೆ ಸಿಕ್ಕಿಹಾಕಿಕೊಂಡು ಕೈಬಿಟ್ಟೆ. ಬಿ.ಕಾಂ. ಓದುವವನಿಗೆ ಬರುವುದು ಜಮಾ-ಖರ್ಚು ಮಾತ್ರ. ಆದ್ದರಿಂದ ಒಂದು ಮೋಟಾರ್ ಸೈಕಲ್ ರಿಪೇರಿಯ ಲೆಕ್ಕ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಬಾಬ್ತು ಇವತ್ತಿಗೂ ತಾಳೆಯಾಗಿಲ್ಲ.

ನಮ್ಮ ಚಿಕ್ಕಪ್ಪ ಬ್ಯಾಂಕಿನವರು. ಕಲ್ಕತ್ತಕ್ಕೆ ವರ್ಗವಾದಾಗ ಅವರ ಜೊತೆ ಚಿಕ್ಕಮ್ಮ, ಚಿಕ್ಕಮ್ಮನ ಹೊಲಿಗೆ ಮಿಷನ್ನು, ಮತ್ತು 2012ರ ಒಂದು ಬುಲೆಟ್ 350 ಹೋದವು. ಬುಲೆಟ್ಟು ಮೈತುಂಬ ಗೋಣಿ ಸುತ್ತಿಸಿಕೊಂಡು ರೈಲಿನ ಪಾರ್ಸಲ್ ಡಬ್ಬಿಯಲ್ಲಿ ಹೋಯಿತು. ಊರಿಗೆ ಕೋಲ್ಕತಾ ಎಂದು 2001ರಲ್ಲೇ ಹೆಸರು ಬದಲಾಗಿದ್ದರೂ ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರಿಗೂ ಅದು ಕಲ್ಕತ್ತವೇ. ಮನೆ ಲೇಕ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ. ದಕ್ಷಿಣದವರು ಬಹಳ ವರ್ಷದಿಂದ ನೆಲೆಸಿರುವ ಕಡೆ ಅದು. ಕಾಫಿಪುಡಿ, ಕರಿಬೇವು, ಬಾಳೆಎಲೆ ಎಲ್ಲ ಸಿಗುತ್ತದೆ. ಮೀನಿನ ಸಾಲು ದಾಟಿ ಹೋಗಬೇಕು, ಅಷ್ಟೆ.

2024ರ ಜುಲೈಯಲ್ಲಿ ಸೆಮಿಸ್ಟರ್ ರಜೆಗೆ ನಾನು ಅಲ್ಲಿಗೆ ಹೋದೆ. ಆಗ ನನಗೆ ಹತ್ತೊಂಬತ್ತು. ಲೈಸೆನ್ಸ್ ಬಂದು ಏಳು ತಿಂಗಳಾಗಿತ್ತು. ಗಾಡಿ ಕಲಿತದ್ದು ಅಪ್ಪನ ಹಳೇ ಯೆಜ್ಡಿಯ ಮೇಲೆ. ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1961ರಲ್ಲಿ ಜಾವಾ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ನಮ್ಮೂರ ಕಾರ್ಖಾನೆಯ ಗಾಡಿ ಇನ್ನೂ ಎಷ್ಟೋ ಮನೆಯ ಜಗಲಿ ಪಕ್ಕ ನಿಂತಿದೆ. ಯೆಜ್ಡಿ ಓಡಿಸಿದವನು ಯಾವುದನ್ನು ಬೇಕಾದರೂ ಓಡಿಸುತ್ತಾನೆ ಅನ್ನುವ ಅಹಂಕಾರ ನನ್ನದಾಗಿತ್ತು. ಬುಲೆಟ್ಟು 180 ಕಿಲೋ ಮೀರಿದ ಗಾಡಿ. ನಿಂತಾಗ ಓರೆಯಾದರೆ ಎಳೆದು ನಿಲ್ಲಿಸುವಷ್ಟರಲ್ಲಿ ಸೊಂಟ ಹಿಡಿಯುತ್ತದೆ.

ಒಂದು ಸಂಜೆ, ಸಣ್ಣ ಮಳೆ. ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಲೇಕ್ ಮಾರ್ಕೆಟಿನಿಂದ ಹೊರಟೆ. ಅವರ ತೊಡೆಯ ಮೇಲೆ ಕಾಫಿಪುಡಿಯ ಪೊಟ್ಟಣ, ಅಸ್ತರ್ ಬಟ್ಟೆಯ ಒಂದು ಗಂಟು. ರಾಸಬಿಹಾರಿ ಅವೆನ್ಯೂದಲ್ಲಿ ದೇಶಪ್ರಿಯ ಪಾರ್ಕಿನ ಹತ್ತಿರ ಮುಂದೆ ಒಂದು ಬಸ್ಸು ನಿಂತಿತು. ಅದನ್ನು ಬಳಸಿ ಹೋಗೋಣ ಅಂತ ಬಲಕ್ಕೆ ಸರಿದೆ. ರಸ್ತೆಯ ನಡುವೆ ಟ್ರಾಮಿನ ಹಳಿ. ಮುಂದಿನ ಟೈರು ಹಳಿಯ ಮೇಲೆ ಹತ್ತಿತೋ ಇಲ್ಲವೋ, ಹ್ಯಾಂಡಲ್ಲು ನನ್ನ ಕೈಯಲ್ಲಿ ಇಲ್ಲವೇ ಇಲ್ಲ ಅನ್ನಿಸಿತು. ಇಪ್ಪತ್ತು ಕಿಲೋಮೀಟರ್ ವೇಗವೂ ಇರಲಿಲ್ಲ. ಎಮ್ಮೆ ಮಲಗಿದ ಹಾಗೆ ಗಾಡಿ ಎಡಕ್ಕೆ ಮಲಗಿತು. ನನಗೆ ಮೊಣಕಾಲು ತರಚಿತು. ಚಿಕ್ಕಮ್ಮ ಕೈ ಊರಿದ್ದರು. ಎಡ ಮಣಿಕಟ್ಟಿನ ಮೂಳೆ ಮುರಿದಿತ್ತು. ಹಿಂದೆ ಬರುತ್ತಿದ್ದ ಆಟೋದವನು ಬ್ರೇಕ್ ಹಿಡಿದ. ಹಿಡಿಯದಿದ್ದರೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಗೆ ಓಡಿಬಂದ ಚಿಕ್ಕಪ್ಪ ಬೈಯಲಿಲ್ಲ. “ಏನಾಯ್ತೋ?” ಅಂದರು, ಅಷ್ಟೆ. ನಾನು ಹೇಳಿದೆ: “ಗಾಡಿ ಹಿಂದುಗಡೆಯಿಂದ ಅಲ್ಲಾಡಿಬಿಡ್ತು ಚಿಕ್ಕಪ್ಪ. ಶಾಕ್ ಅಬ್ಸಾರ್ಬರ್ ಹೋಗಿದೆ ಅನ್ನಿಸುತ್ತೆ.”

ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಗಾಡಿ ನಿಜಕ್ಕೂ ಅಲ್ಲಾಡುತ್ತಿತ್ತು. ಹಿಂದೆ ಒಬ್ಬರು ಕೂತರೆ ಬಾಲ ತಗ್ಗಿ, ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತಿತ್ತು. ತಿರುವಿನಲ್ಲಿ ಹಿಂದಿನ ಗಾಲಿ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಬಂದ ಎರಡನೇ ದಿನವೇ ನಾನು ಗಮನಿಸಿದ್ದೆ. ಚಿಕ್ಕಪ್ಪನೂ ಗಮನಿಸಿದ್ದರು, ರಿಪೇರಿ ಮುಂದೂಡಿದ್ದರು. ಹಾಗಾಗಿ ನನ್ನ ಮಾತು ಕೇಳಿದ ತಕ್ಷಣ ಅವರ ಮುಖ ಇಳಿದುಹೋಯಿತು. “ನಂದೇ ತಪ್ಪು. ಆರು ತಿಂಗಳಿಂದ ಮಾಡಿಸ್ಬೇಕು ಅಂತಿದ್ದೆ” ಅಂದರು. ನಾನು ಸುಮ್ಮನಿದ್ದೆ.

ಚಿಕ್ಕಮ್ಮನ ಕೈಗೆ ಆರು ವಾರದ ಪ್ಲಾಸ್ಟರ್. ಆ ವರ್ಷ ದುರ್ಗಾಪೂಜೆ ಅಕ್ಟೋಬರ್ ಎರಡನೆಯ ವಾರದಲ್ಲಿತ್ತು. ಪೂಜೆ ಅಂದರೆ ಅಲ್ಲಿ ಎಲ್ಲರಿಗೂ ಹೊಸ ಬಟ್ಟೆ. ಅಕ್ಕಪಕ್ಕದ ಮನೆಯವರು ಜುಲೈಯಿಂದಲೇ ಚಿಕ್ಕಮ್ಮನ ಹತ್ತಿರ ರವಿಕೆ ಹೊಲಿಯಲು ಕೊಟ್ಟು ಮುಂಗಡ ಕೊಟ್ಟಿದ್ದರು. ಬಲಗೈಯಲ್ಲಿ ಚಕ್ರ ತಿರುಗಿಸಬಹುದು, ಎಡಗೈ ಇಲ್ಲದೆ ಬಟ್ಟೆ ಸರಿಸುವುದು ಹೇಗೆ? ಒಂದು ಭಾನುವಾರ ಅವರು ನೋಟ್‌ಬುಕ್ ತೆಗೆದು, ನನ್ನ ಕೈಲೇ ಲೆಕ್ಕ ಮಾಡಿಸಿ, ಹನ್ನೊಂದು ಮನೆಯವರಿಗೆ ಮುಂಗಡ ವಾಪಸ್ಸು ಕೊಟ್ಟರು. ಮೂವತ್ತೆಂಟು ರವಿಕೆ. ಕವರಿನ ಮೇಲೆ ಹೆಸರು ಬರೆದು ಮನೆಮನೆಗೂ ಹಣ ತಲುಪಿಸಿದವನು ನಾನೇ. ಕಾಲೇಜಿನಲ್ಲಿ ನಷ್ಟ ಎಂದರೆ ಎಡಗಡೆ ಬರೆಯುವ ಒಂದು ಅಂಕಿ. ಅಲ್ಲಿ ಅದು ಹನ್ನೊಂದು ಬಾಗಿಲಾಗಿತ್ತು, ಪ್ರತಿ ಬಾಗಿಲಲ್ಲೂ “ಕೈ ಹೇಗಿದೆ?” ಎಂಬ ಪ್ರಶ್ನೆ.

ಮಾರನೆಯ ಶನಿವಾರ ಬುಲೆಟ್ಟನ್ನು ಮಲ್ಲಿಕ್ ಬಜಾರಿಗೆ ತೆಗೆದುಕೊಂಡು ಹೋದೆವು. ಪಾರ್ಕ್ ಸ್ಟ್ರೀಟೂ ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯೂ ಕೂಡುವ ಕಡೆ ಅದು. ಗಾಡಿಯ ಬಿಡಿಭಾಗಕ್ಕೆ ಕಲ್ಕತ್ತದಲ್ಲಿ ಹೆಸರಾದ ಜಾಗ. ಪಕ್ಕದಲ್ಲೇ 1767ರಲ್ಲಿ ಆರಂಭವಾದ ಇಂಗ್ಲಿಷರ ಸ್ಮಶಾನ. ಸಂಸ್ಕೃತ ಕಲಿತು ಶಾಕುಂತಲವನ್ನು ಇಂಗ್ಲಿಷಿಗೆ ತಂದ ವಿಲಿಯಂ ಜೋನ್ಸ್ ಸಮಾಧಿ ಅಲ್ಲಿದೆ. ಗೋಡೆಯ ಒಳಗೆ ಇಂಗ್ಲಿಷರು, ಹೊರಗೆ ಅಂಬಾಸಡರ್ ಬಾಗಿಲು, ಲಾರಿ ಆಕ್ಸಲ್ಲು, ಸೈಲೆನ್ಸರುಗಳ ರಾಶಿ. ಚಿಕ್ಕಪ್ಪ ಇದನ್ನು ನೋಡಿ ಏನೋ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಅಲ್ಲೊಂದು ಗಲ್ಲಿಯಲ್ಲಿ ಬುಲೆಟ್ ಮಾತ್ರ ಮುಟ್ಟುವ ಒಬ್ಬ ಮಿಸ್ತ್ರಿ. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅರವತ್ತು ದಾಟಿರಬೇಕು. ನಾನು ಹೋಗುವ ಮೊದಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೆ: ಹಿಂದಕ್ಕೆ ಗ್ಯಾಸ್ ಡಬ್ಬಿ ಅಂಟಿಸಿದ ದುಬಾರಿ ಶಾಕ್, ಮುಂದಕ್ಕೆ ಗಟ್ಟಿ ಸ್ಪ್ರಿಂಗ್. ಥಾಯ್ಲೆಂಡಿನ ವೈ.ಎಸ್.ಎಸ್., ಇಂಗ್ಲೆಂಡಿನ ಹ್ಯಾಗನ್ ಎಂದೆಲ್ಲ ಹೆಸರು ಬಾಯಿಪಾಠ ಮಾಡಿಕೊಂಡಿದ್ದೆ. ಉಸ್ತಾದ್ ನನ್ನ ಹಿಂದಿಯನ್ನು ತಾಳ್ಮೆಯಿಂದ ಕೇಳಿ, “ಮೊದಲು ರೋಗಿಯನ್ನ ನೋಡೋಣ ಬೇಟಾ, ಆಮೇಲೆ ಔಷಧಿ” ಅಂದ.

ನೋಡಿದ್ದು ಹೀಗೆ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿದ. ಕಡಕ್ ಕಡಕ್ ಎಂದಿತು. ಹಿಂದಿನ ಗಾಲಿಯನ್ನು ಹಿಡಿದುಕೊಂಡು ಮೇಲೆ ಕೆಳಗೆ ಆಡುವ ಕಬ್ಬಿಣದ ತೋಳಿದೆಯಲ್ಲ, ಸ್ವಿಂಗ್ ಆರ್ಮ್, ಅದರ ಬುಡದ ಬುಶ್ ಸವೆದು ಪ್ಲೇ ಬಂದಿತ್ತು. ಅಕ್ಕಪಕ್ಕ ಆಡಬಾರದ್ದು ಆಡುತ್ತಿತ್ತು. ಬುಲೆಟ್ಟಿಗೆ ಈ ತೋಳು ಬಂದದ್ದು 1949ರ ಇಂಗ್ಲೆಂಡಿನ ಮಾದರಿಯಲ್ಲೇ. ಆ ಕಾಲದ ಬಹಳ ಗಾಡಿಗಳಲ್ಲಿ ಹಿಂದಿನ ಗಾಲಿ ಚೌಕಟ್ಟಿಗೇ ಬಿಗಿದಿರುತ್ತಿತ್ತು, ಸವಾರನಿಗೆ ಸೀಟಿನ ಕೆಳಗಿನ ಸ್ಪ್ರಿಂಗೇ ಗತಿ. ಆಮೇಲೆ ಉಸ್ತಾದ್ ಮುಂದಿನ ಗಾಲಿಯನ್ನು ನೆಲದಿಂದ ಎತ್ತಿಸಿ ಹ್ಯಾಂಡಲ್ಲನ್ನು ಬೆರಳ ತುದಿಯಲ್ಲಿ ತಿರುಗಿಸಿದ. ನಡುವೆ ಬಂದಾಗ ಹಳ್ಳಕ್ಕೆ ಬಿದ್ದಂತೆ ಕಚ್ಚಿ ನಿಂತಿತು. ಕೋನ್‌ಸೆಟ್ಟಿನ ಗುಂಡುಗಳು ಬಟ್ಟಲಲ್ಲಿ ಗುಳಿ ಮಾಡಿಕೊಂಡಿದ್ದವು. ಕೊನೆಗೆ ಗಾಡಿಯನ್ನು ನೆಲಕ್ಕಿಳಿಸಿ, ಹ್ಯಾಂಡಲ್ಲು ಒತ್ತಿ ಬಿಟ್ಟ. ಮುಂಭಾಗ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು, ಮತ್ತೆ ಇಳಿಯಿತು. “ಒಂದು ಸಲ ಎದ್ದು ನಿಂತುಬಿಡಬೇಕು. ಇದು ತೊಟ್ಟಿಲು ಆಗಿದೆ” ಅಂದ.

ಇಲ್ಲಿ ಒಂದು ಮಾತು. ಪಿ.ಯು.ಸಿ.ಗೆ ಬರುವವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಈ ರಿಪೇರಿಯ ಪುಸ್ತಕದಲ್ಲಿ ಡ್ಯಾಂಪಿಂಗ್, ಡ್ಯಾಂಪಿಂಗ್ ಎಂದು ಪುಟಕ್ಕೆ ನಾಲ್ಕು ಸಲ ಬರುತ್ತದೆ. ಡ್ಯಾಂಪ್ ಅಂದರೆ ಒದ್ದೆ ಎಂದಷ್ಟೇ ನನಗೆ ಗೊತ್ತಿದ್ದುದು. ಒಳಗೆ ಆಯಿಲ್ ಇರುತ್ತದಲ್ಲ, ಒದ್ದೆಯಾಗಿರುತ್ತದೆ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ! ಉಸ್ತಾದನೇ ಬಿಡಿಸಿ ಹೇಳಿದ್ದು. ಸ್ಪ್ರಿಂಗು ಭಾರ ಹೊರುತ್ತದೆ, ಏಟು ನುಂಗುತ್ತದೆ. ಆದರೆ ನುಂಗಿದ್ದನ್ನು ಅಷ್ಟೇ ಜೋರಾಗಿ ಕಕ್ಕುತ್ತದೆ. ಹಾಗೆ ಕಕ್ಕದಂತೆ ತಡೆಯುವುದು ಆಯಿಲ್ಲು. ಪಿಚಕಾರಿಯ ತೂತಿನಿಂದ ನೀರು ದೂಡುವಾಗ ಕೈಗೆ ಒಂದು ತಡೆ ಸಿಗುತ್ತದಲ್ಲ, ಅದೇ. ಶಾಕ್ ಒಳಗೆ ಕೊಂತವು ಆಯಿಲ್ಲನ್ನು ಸಣ್ಣ ತೂತುಗಳ ಮೂಲಕ ತಳ್ಳಬೇಕು. ಕುಪ್ಪಳಿಸುವ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ತೀರಿಹೋಗುತ್ತದೆ. ಅಣಗಿಸುವುದು ಎನ್ನಬಹುದೇನೋ ಕನ್ನಡದಲ್ಲಿ. ಕನ್ನಡ ಎಂ.ಎ. ಗೆಳೆಯರು ಇನ್ನೂ ಒಳ್ಳೆಯ ಪದ ಹುಡುಕಿ ತಿಳಿಸಲಿ.

ಮುಂದಿನ ಎರಡು ಕಾಲುಗಳ ಆಯಿಲ್ ಇಳಿಸಿದಾಗ ಅದು ಡಿಕಾಕ್ಷನ್ ಬಣ್ಣದಲ್ಲಿತ್ತು. ಒಂದು ಕಾಲಲ್ಲಿ ಇನ್ನೊಂದಕ್ಕಿಂತ ಲೋಟದ ಕಾಲುಭಾಗ ಕಡಿಮೆ. ಸೀಲು ಹರಿದು ಸೋರಿತ್ತು. ಹಿಂದಿನ ಶಾಕುಗಳ ಮೈಯೆಲ್ಲ ಜಿಡ್ಡು, ಜಿಡ್ಡಿನ ಮೇಲೆ ಕಲ್ಕತ್ತದ ಧೂಳು.

ನಾನು ಆಗಲೂ ಗಟ್ಟಿ ಸ್ಪ್ರಿಂಗಿನ ಮಾತು ಎತ್ತಿದೆ. ಉಸ್ತಾದ್ ನಕ್ಕು ಗಲ್ಲಿಯ ಇಟ್ಟಿಗೆ ಹಾಸಿನ ಮೇಲೆ ಒಂದು ಹಳೇ ಟೈರನ್ನು ಉರುಳಿಸಿದ. ಅದು ಕುಣಿದುಕೊಂಡು ಹೋಯಿತು. “ಗಾಳಿಯಲ್ಲಿದ್ದಾಗ ಅದಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ” ಅಂದ. ಶಾಕ್ ಇರೋದು ಸವಾರನ ಸೊಂಟಕ್ಕೆ ಸುಖ ಕೊಡೋದಕ್ಕೆ ಎಂದೇ ನಾನು ತಿಳಿದಿದ್ದೆ. ಅದರ ದೊಡ್ಡ ಕೆಲಸ ಟೈರನ್ನು ನೆಲ ಬಿಡದ ಹಾಗೆ ಒತ್ತಿ ಹಿಡಿಯುವುದು. ಅತಿ ಗಟ್ಟಿಯಾದರೆ ಗಾಲಿ ಹಳ್ಳಕ್ಕೆ ಇಳಿಯದೆ ಹಾರುತ್ತದೆ. ಆಯಿಲ್ ಅತಿ ಮಂದವಾದರೆ ಒಂದು ಏಟಿಗೆ ಕುಸಿದ ಗಾಲಿ ಎದ್ದು ಬರುವಷ್ಟರಲ್ಲಿ ಎರಡನೇ ಏಟು ಬಿದ್ದಿರುತ್ತದೆ. ಬುಶ್ಶು, ಕೋನ್‌ಸೆಟ್ಟು ಸಡಿಲವಿರುವ ಗಾಡಿಗೆ ಎಷ್ಟು ದುಬಾರಿ ಶಾಕ್ ಹಾಕಿದರೂ ಅಷ್ಟೆ. ಕೀಲು ಸಡಿಲಿದವನಿಗೆ ಹೊಸ ಚಪ್ಪಲಿ ತೊಡಿಸಿದ ಹಾಗೆ. ಈ ಹೋಲಿಕೆ ನನ್ನದಲ್ಲ, ಚಿಕ್ಕಪ್ಪನದು.

ಕೊನೆಗೆ ಹಾಕಿದ್ದು: ಹೊಸ ಬುಶ್, ಹೊಸ ಕೋನ್‌ಸೆಟ್, ಮುಂದಕ್ಕೆ ಆಯಿಲ್ ಸೀಲುಗಳು, ಎರಡು ಕಾಲಿಗೂ ಅಳತೆ ಲೋಟದಲ್ಲಿ ಸರಿಸಮ ಆಯಿಲ್, ಹಿಂದಕ್ಕೆ ಗ್ಯಾಸ್ ತುಂಬಿದ ಒಂದು ಜೊತೆ ಶಾಕ್, ಡಬ್ಬಿ ಗಿಬ್ಬಿ ಇಲ್ಲದ ಸಾದಾ ನಮೂನೆ. ಕೂಲಿ ಸೇರಿ 7,140 ರೂಪಾಯಿ. ಕೆಲಸ ಎರಡು ದಿನ ಹಿಡಿಯಿತು.

ಮೊದಲ ದಿನವೇ, ಚಿಕ್ಕಪ್ಪ ಚಹಾ ತರಲು ಹೋಗಿದ್ದಾಗ, ಉಸ್ತಾದ್ ಎಡಗಡೆಯ ಕಾಲ್ಮೆಟ್ಟು, ಸೈಲೆನ್ಸರು ಇಲ್ಲದ ಬದಿಯ ಗೀರು ಎಲ್ಲ ಒಮ್ಮೆ ಸವರಿ ನೋಡಿ ಕೇಳಿದ: “ಹಳಿಯನ್ನ ಅಡ್ಡ ದಾಟಿದೆಯೋ, ಓರೆಯೋ?”

ನಾನು ಉತ್ತರ ಕೊಡಲಿಲ್ಲ. ಆತ ಸ್ಪ್ಯಾನರಿನಿಂದ ನೆಲದ ಮೇಲೆ ಎರಡು ಗೆರೆ ಎಳೆದ. ಒಂದು ಹಳಿ. ಇನ್ನೊಂದು ಅದನ್ನು ನೇರ ಅಡ್ಡ ಕತ್ತರಿಸುವುದು. ಆಮೇಲೆ ಹಳಿಯ ಪಕ್ಕಕ್ಕೇ ಸವರಿಕೊಂಡು ಹೋಗುವ ಮೂರನೇ ಗೆರೆ. “ಒದ್ದೆ ಉಕ್ಕಿನ ಮೇಲೆ ಹೀಗೆ ಹೋದರೆ ಯಾವ ಶಾಕೂ ಕಾಪಾಡಲ್ಲ” ಎಂದು ಮೂರನೇ ಗೆರೆಯನ್ನು ಕಾಲಿನಿಂದ ಅಳಿಸಿದ. ಅಷ್ಟರಲ್ಲಿ ಚಿಕ್ಕಪ್ಪ ಮೂರು ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದುಕೊಂಡು ಬಂದರು. ಉಸ್ತಾದ್ ಅವರ ಜೊತೆ ಮಳೆಯ ವಿಚಾರ ಮಾತಾಡಿದ.

ಬಸ್ಸನ್ನು ಬಳಸುವ ಆತುರದಲ್ಲಿ ನಾನು ಹಿಡಿದದ್ದು ಆ ಮೂರನೇ ಗೆರೆಯನ್ನೇ. ಬಿದ್ದ ಆ ಕ್ಷಣದಲ್ಲೇ ನನಗದು ಗೊತ್ತಿತ್ತು.

ಮನೆಗೆ ಬಂದಮೇಲೆ ಒಂದು ಕೆಲಸ ಉಳಿದಿತ್ತು. ಹಿಂದಿನ ಶಾಕಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬಳೆ ಇರುತ್ತದೆ, ಐದು ಮೆಟ್ಟಿಲು. ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಗಟ್ಟಿಯಾಗುವುದಿಲ್ಲ, ಗಾಡಿ ಕೂರುವ ಎತ್ತರ ಬದಲಾಗುತ್ತದೆ, ಅಷ್ಟೆ. ಗಾಲಿ ತೂಗಾಡುವಾಗ ಅಳೆಯಬೇಕು, ಜನ ಕೂತಾಗ ಅಳೆಯಬೇಕು. ವ್ಯತ್ಯಾಸವು ಒಟ್ಟು ಓಟದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಚೆನ್ನ. ಬುಲೆಟ್ಟಿನ ಹಿಂದಿನ ಓಟ 80 ಮಿಲಿಮೀಟರ್. ಅಳೆಯಲು ಟೇಪು ಬೇಕಾಯಿತು. ಮನೆಯಲ್ಲಿದ್ದದ್ದು ಚಿಕ್ಕಮ್ಮನ ಹೊಲಿಗೆಯ ಟೇಪು.

“ಹಿಂದೆ ಯಾರು ಕೂರ್ತಾರೆ?” ಅಂದರು ಚಿಕ್ಕಪ್ಪ. ಚಿಕ್ಕಮ್ಮ ಬಾಗಿಲಲ್ಲೇ ನಿಂತು, “ನಾನಂತೂ ಕೂರಲ್ಲ” ಅಂದರು. ಸಿಟ್ಟಿನಿಂದಲ್ಲ. ಗಾಡಿಯ ಹತ್ತಿರ ಬರುವಾಗ ಪ್ಲಾಸ್ಟರ್ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುತ್ತಿದ್ದರು, ಅದನ್ನು ನಾನು ಕಂಡೆ. ಸರಿ, ಇಪ್ಪತ್ತೈದು ಕಿಲೋದ ಎರಡು ಅಕ್ಕಿ ಮೂಟೆ ತಂದು ಹಿಂದಿನ ಸೀಟಿಗೆ ಕಟ್ಟಿದೆವು. ಚಿಕ್ಕಪ್ಪ ಮುಂದೆ ಕೂತರು, ಗಲ್ಲಿಯ ಹುಡುಗನೊಬ್ಬ ಹ್ಯಾಂಡಲ್ಲು ಹಿಡಿದ, ನಾನು ಅಳೆದೆ. ಮೊದಲ ಮೆಟ್ಟಿಲಲ್ಲಿ 40 ಮಿಲಿಮೀಟರ್. ಅಂದರೆ ಅರ್ಧ ಓಟ ಬರೀ ಕೂತದ್ದಕ್ಕೇ ಖರ್ಚು! ಬಾಲ ಅಷ್ಟು ತಗ್ಗಿದರೆ ಮುಂದಿನ ಗಾಲಿಯ ಮೇಲಿನ ಭಾರ ಕಡಿಮೆಯಾಗಿ, ಹ್ಯಾಂಡಲ್ಲು ಮಾತು ಕೇಳುವುದು ನಿಧಾನವಾಗುತ್ತದೆ. ನಾಲ್ಕನೇ ಮೆಟ್ಟಿಲಿಗೆ ಹಾಕಿದೆವು. 28ಕ್ಕೆ ಬಂತು. ಐದನೆಯದು ಬೇಡ, ಒಬ್ಬರೇ ಹೋಗುವಾಗ ಕುಪ್ಪಳಿಸುತ್ತದೆ ಎಂದು ಬಿಟ್ಟೆವು. “ಐವತ್ತು ಕಿಲೋ ಇಟ್ಟು ಅಳೀತಿದೀರಲ್ಲ, ನಾನು ಐವತ್ತಲ್ಲ” ಎಂದು ಬಾಗಿಲ ಕಡೆಯಿಂದ ದನಿ ಬಂತು. ಹಾಗಾದರೆ ಎಷ್ಟು ಅಂತ ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಮಾರನೆಯ ಬೆಳಗ್ಗೆ ಐದೂವರೆಗೆ ಮೈದಾನದ ಪಕ್ಕದ ರೆಡ್ ರೋಡಿಗೆ ಹೋದೆವು. ಎರಡನೇ ಮಹಾಯುದ್ಧದಲ್ಲಿ ವಿಮಾನ ಇಳಿಸಿದ ರಸ್ತೆ ಅದು, ಕೋಲಿನ ಹಾಗೆ ನೆಟ್ಟಗೆ. ಚಿಕ್ಕಪ್ಪ ಓಡಿಸಿದರು, ನಾನು ಹಿಂದೆ. ಗಾಡಿ ಬೇರೆಯೇ ಆಗಿತ್ತು. ಗುಂಡಿ ಬಂದರೆ ಒಂದು ಸಲ ‘ಹೂಂ’ ಎಂದು ಕೂತು ಎದ್ದು, ಮರೆತುಬಿಡುತ್ತಿತ್ತು. ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನದರ ಹೆಜ್ಜೆಯಲ್ಲೇ ಬರುತ್ತಿತ್ತು. ಅರವತ್ತು ದಾಟಿದ ಮೇಲೆ ಬರುತ್ತಿದ್ದ ನಡುಕ ಇಲ್ಲ. ಚಿಕ್ಕಪ್ಪ ಹತ್ತು ವರ್ಷ ಚಿಕ್ಕವರಾದಂತೆ ಏನೋ ಹಾಡು ಗುನುಗಿದರು. ವಾಪಸ್ಸು ಬರುವಾಗ ರಾಸಬಿಹಾರಿಯಲ್ಲಿ ಗಾಡಿ ನಿಲ್ಲಿಸಿ, “ನೀನು ತಗೋ” ಅಂದರು. ನನ್ನ ಕೈ ಬೆವರಿತು. ಹಳಿ ಬಂದಾಗ ನಿಧಾನಿಸಿ, ಹಿಂದೆ ಯಾರೂ ಬರುತ್ತಿಲ್ಲ ಎಂದು ನೋಡಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ನೇರ ಅಡ್ಡಲಾಗಿ ದಾಟಿದೆ. ಟಕ್ ಟಕ್, ಎರಡು ಸಣ್ಣ ಸದ್ದು, ಅಷ್ಟೆ. ಚಿಕ್ಕಪ್ಪ ಹಿಂದಿನಿಂದ ಭುಜ ತಟ್ಟಿದರು. “ನೋಡ್ದಾ? ಶಾಕ್ ಸರಿ ಇದ್ದಿದ್ರೆ ಅವತ್ತು ಬೀಳ್ತಾನೇ ಇರ್ಲಿಲ್ಲ ನೀನು.”

ಊರಿಗೆ ಹೊರಡುವ ಹಿಂದಿನ ರಾತ್ರಿ ಚಿಕ್ಕಮ್ಮ ದಾರಿಗೆಂದು ಒಂದೇ ಕೈಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಡಬ್ಬಿ ಹಿಡಿದು ನಿಂತಿದ್ದೆ. ಹೇಳಿಬಿಟ್ಟೆ. ಶಾಕಿನಿಂದ ಅಲ್ಲ ಚಿಕ್ಕಮ್ಮ, ನಾನು ಓರೆಯಾಗಿ ನುಗ್ಗಿಸಿದೆ ಅಂತ.

“ಗೊತ್ತು ಕಣೋ. ಹಿಂದೆ ಕೂತಿದ್ದು ನಾನಲ್ವಾ? ನಿಧಾನವಾಗಿ ಹೋಗೋ ಅಂತ ಅಂದೆ, ನಿಂಗೆ ಕೇಳಿಸ್ಲಿಲ್ಲ.” ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಅವರಿಗೆ ನೀನೇ ಹೇಳು. ನಾನು ಹೇಳಲ್ಲ” ಅಂದರು.

ಆ ರಾತ್ರಿ ಹೇಳಲಿಲ್ಲ. ಹೌರಾ ಸ್ಟೇಷನ್ನಿನಲ್ಲೂ ಹೇಳಲಿಲ್ಲ; ಚಿಕ್ಕಪ್ಪ ನೀರಿನ ಬಾಟಲಿ ತರಲು ಹೋದರು, ಅಷ್ಟರಲ್ಲಿ ರೈಲು ಹೊರಟಿತು.

2024ರ ಸೆಪ್ಟೆಂಬರಿನಲ್ಲಿ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಒಂದು ಸುದ್ದಿ ಓದಿದೆ. 1873ರಲ್ಲಿ ಕುದುರೆ ಎಳೆದ ಟ್ರಾಮು, 1902ರಿಂದ ವಿದ್ಯುತ್ತಿನಲ್ಲಿ ಓಡಿದ ಟ್ರಾಮು, ಅದನ್ನು ಎಸ್‌ಪ್ಲನೇಡ್-ಮೈದಾನದ ನಡುವಿನ ಒಂದು ತುಣುಕು ಬಿಟ್ಟು ಉಳಿದ ಕಡೆ ನಿಲ್ಲಿಸುತ್ತೇವೆ ಎಂದು ಬಂಗಾಳ ಸರ್ಕಾರ ಹೇಳಿತ್ತು. ಟ್ರಾಮು ನಿಧಾನ, ರಸ್ತೆ ಇಕ್ಕಟ್ಟು ಎಂಬ ಕಾರಣಗಳು. ಹಳಿಯ ಮೇಲೆ ದ್ವಿಚಕ್ರದವರು ಜಾರಿ ಬೀಳುತ್ತಾರೆ ಎಂಬ ದೂರು ಮೊದಲಿನಿಂದಲೂ ಇದ್ದದ್ದೇ. ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಕೂತಿದ್ದೆ. ನಾನು ಶಾಕಿನ ಮೇಲೆ ಹಾಕಿದ್ದೆ, ಅಷ್ಟೇ ವ್ಯತ್ಯಾಸ.

ಚಿಕ್ಕಮ್ಮನ ಕೈ ಸರಿಹೋಗಿದೆ, ಮಳೆಗಾಲದಲ್ಲಿ ಮಾತ್ರ ನೋಯುತ್ತದಂತೆ. ಮತ್ತೆ ಹೊಲಿಯುತ್ತಿದ್ದಾರೆ. ಬುಲೆಟ್ಟಿನ ಮೇಲೂ ಕೂರುತ್ತಾರೆ. ಚಿಕ್ಕಪ್ಪ ಫೋನ್ ಮಾಡಿದಾಗಲೆಲ್ಲ, “ನೀನು ಹೇಳಿದ್ದಕ್ಕೇ ಕಣೋ ಗಾಡಿ ಇಷ್ಟು ಚೆನ್ನಾಗಾಯ್ತು” ಅನ್ನುತ್ತಾರೆ. ಹೋದ ವಾರ ಈ ಲೇಖನದ ವಿಷಯ ಕೇಳಿ ಬಹಳ ಖುಷಿಪಟ್ಟರು. ಪತ್ರಿಕೆ ಹೊರಬಂದ ದಿನವೇ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಕಂತೆ. ವಿಳಾಸ ಬರೆದ ಕವರು ನನ್ನ ಕಾಸ್ಟಿಂಗ್ ನೋಟ್ಸಿನ ಒಳಗೆ ಇದೆ.